ಪಿತ್ತಕೋಶ ತೆಗೆಸಿಕೊಂಡವರಿಗೆ ಕರಾವಳಿಯ ಊಟ ಬಡಿಸುವ ಕ್ರಮ

ಪಿತ್ತಕೋಶದಲ್ಲಿ ಕಲ್ಲಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಮ್ಮ ಅತ್ತೆಯವರು ಉಡುಪಿಯ ಮನೆಗೆ ಮರಳಿದಾಗ, ಅವರ ಕೈಯಲ್ಲಿದ್ದ ಕಾಗದದಲ್ಲಿ ಊಟದ ಬಗ್ಗೆ ಬರೆದಿದ್ದುದು ‘ಜಿಡ್ಡು ಕಡಿಮೆ ಮಾಡಿ’ ಎಂಬ ಒಂದೇ ಮಾತು. ಕಾಯಿ ಅರೆಯದೆ ಪದಾರ್ಥವೇ ಆಗದ ಊರಿನಲ್ಲಿ ಆ ಒಂದು ಮಾತಿನಿಂದ ಅಡುಗೆಮನೆ ನಡೆಯುವುದಿಲ್ಲ. ಎಷ್ಟು ಕಡಿಮೆ ಮಾಡಬೇಕು, ಯಾವ ಹೊತ್ತಿಗೆ ಮಾಡಬೇಕು ಎಂಬುದನ್ನು ನಾವೇ ನಿರ್ಧರಿಸಬೇಕಾದರೆ, ಪಿತ್ತರಸದಲ್ಲಿರುವ ಪಿತ್ತಾಮ್ಲಗಳ ಕೆಲಸವೇನೆಂದು ಮೊದಲು ತಿಳಿದಿರಬೇಕು.

ಅದನ್ನು ಕಣ್ಣಾರೆ ನೋಡುವ ಒಂದು ದಾರಿಯಿದೆ. ಎರಡು ಗಾಜಿನ ಲೋಟಗಳಿಗೆ ಅರ್ಧದಷ್ಟು ನೀರು ತುಂಬಿ, ಎರಡಕ್ಕೂ ನಾಲ್ಕು ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ. ಒಂದು ಲೋಟಕ್ಕೆ ಮಾತ್ರ, ಅಂಟುವಾಳಕಾಯಿಯನ್ನು ನೆನೆಸಿ ಹಿಚುಕಿದ ನೀರನ್ನು ಎರಡು ಚಮಚ ಸೇರಿಸಿ, ಎರಡನ್ನೂ ಚೆನ್ನಾಗಿ ಕಲಕಿ. ಬರೀ ನೀರಿನ ಲೋಟದಲ್ಲಿ ಎಣ್ಣೆ ಸ್ವಲ್ಪ ಹೊತ್ತಿಗೇ ಮೇಲೆ ಬಂದು ಹೊಳೆಯುವ ಬಿಲ್ಲೆಗಳಾಗಿ ಕೂಡಿಕೊಳ್ಳುತ್ತದೆ. ಅಂಟುವಾಳದ ಲೋಟದಲ್ಲಿ ಅದು ಸಣ್ಣ ಸಣ್ಣ ಕಣಗಳಾಗಿ ಒಡೆದು, ನೀರು ಗಂಜಿತಿಳಿಯಂತೆ ಮಬ್ಬಾಗುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತಾಮ್ಲಗಳು ಮಾಡುವುದೂ ಇದೇ ಬಗೆಯ ಕೆಲಸ. ಅವುಗಳ ಅಣುವಿನ ಒಂದು ಮಗ್ಗುಲು ನೀರಿಗೂ ಇನ್ನೊಂದು ಮಗ್ಗುಲು ಕೊಬ್ಬಿಗೂ ಹೊಂದಿಕೊಳ್ಳುವುದರಿಂದ, ಕೊಬ್ಬು ಒಡೆದು ಚದುರಿ ಜೀರ್ಣರಸದ ಕೈಗೆ ಸಿಗುತ್ತದೆ. ಎ, ಡಿ, ಇ ಮತ್ತು ಕೆ ಜೀವಸತ್ವಗಳು ರಕ್ತಕ್ಕೆ ಸೇರುವುದೂ ಇದೇ ದಾರಿಯಲ್ಲಿ.

ಪಿತ್ತಾಮ್ಲಗಳನ್ನು ಯಕೃತ್ತು ಕೊಲೆಸ್ಟರಾಲಿನಿಂದ ತಯಾರಿಸುತ್ತದೆ. ದೇಹದಲ್ಲಿ ಅವುಗಳ ಒಟ್ಟು ದಾಸ್ತಾನು ಸುಮಾರು 2ರಿಂದ 4 ಗ್ರಾಂ ಮಾತ್ರ. ಇಷ್ಟು ಸಣ್ಣ ಬಂಡವಾಳದಲ್ಲಿ ದಿನದ ಊಟವೆಲ್ಲ ಜೀರ್ಣವಾಗುವುದು ಹೇಗೆಂದರೆ, ಕೆಲಸ ಮುಗಿಸಿದ ಪಿತ್ತಾಮ್ಲದಲ್ಲಿ ಸುಮಾರು ಶೇ. 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿಕೊಂಡು ಯಕೃತ್ತಿಗೆ ಮರಳಿಸುತ್ತದೆ, ಮತ್ತು ಈ ಸುತ್ತು ದಿನಕ್ಕೆ ಹಲವು ಬಾರಿ ನಡೆಯುತ್ತದೆ. ಮಲದಲ್ಲಿ ಹೊರಹೋದ ಅರ್ಧ ಗ್ರಾಮಿನಷ್ಟನ್ನು ಯಕೃತ್ತು ಹೊಸದಾಗಿ ತಯಾರಿಸಿ ತುಂಬಿಕೊಳ್ಳುತ್ತದೆ. ಮರಳುವ ದಾರಿಯಲ್ಲಿ ಅವು ‘ಸದ್ಯಕ್ಕೆ ಸಾಕು’ ಎಂಬ ಸೂಚನೆಯನ್ನೂ ಯಕೃತ್ತಿಗೆ ಮುಟ್ಟಿಸುತ್ತವೆ. ಸಕ್ಕರೆ ಮತ್ತು ಕೊಬ್ಬಿನ ನಿರ್ವಹಣೆಯಲ್ಲೂ ಅವುಗಳಿಗೆ ಪಾಲಿದೆ.

ಪಿತ್ತಕೋಶವೆಂಬುದು 30ರಿಂದ 50 ಮಿಲಿಲೀಟರ್ ಹಿಡಿಯುವ ಚೀಲ. ಅದು ಪಿತ್ತರಸವನ್ನು ಗಟ್ಟಿ ಮಾಡಿ ಇಟ್ಟುಕೊಂಡು, ಜಿಡ್ಡಿನ ಊಟ ಕರುಳಿಗೆ ಇಳಿದಾಗ ಹಿಂಡಿ ಕೊಡುತ್ತದೆ. ಚೀಲ ತೆಗೆದ ಮೇಲೆ ಪಿತ್ತರಸ ನಿಲ್ಲುವುದಿಲ್ಲ, ಆದರೆ ಹೊತ್ತು ನೋಡದೆ ತೊಟ್ಟಿಕ್ಕುತ್ತಿರುತ್ತದೆ. ಹಾಗಾಗಿ ಜಿಡ್ಡನ್ನು ಪೂರ್ತಿ ಬಿಡುವುದಲ್ಲ, ಹಂಚಿ ಕೊಡುವುದೇ ಸರಿಯಾದ ಕ್ರಮ. ನಾವು ಇದನ್ನು ತಪ್ಪು ಮಾಡಿಯೇ ಕಲಿತೆವು: ಹತ್ತು ದಿನ ಅತ್ತೆಗೆ ಬರೀ ಗಂಜಿ, ಉಪ್ಪಿನಕಾಯಿ ಕೊಟ್ಟು, ಹನ್ನೊಂದನೆಯ ದಿನ ಭಾನುವಾರವೆಂದು ದಪ್ಪ ಕಾಯಿಹಾಲಿನ ಕೋರಿ ರೊಟ್ಟಿ ಬಡಿಸಿದೆವು. ಆ ಮಧ್ಯಾಹ್ನ ಅವರು ಮಲಗಲೂ ಆಗದೆ ಕೂರಲೂ ಆಗದೆ ಬಚ್ಚಲಿಗೆ ಓಡಾಡಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಸಿ ಕಾಯಿತುರಿಯ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಕೊಬ್ಬೇ ಇರುವುದರಿಂದ, ಅಳತೆ ಶುರುವಾಗಬೇಕಾದದ್ದು ಎಣ್ಣೆ ಬಾಟಲಿಯಿಂದಲ್ಲ, ಕಾಯಿ ತುರಿಯುವ ಮಣೆಯಿಂದ. ಮೊದಲ ಕೆಲವು ವಾರ ಅವರ ಪಾಲಿನ ಪದಾರ್ಥಕ್ಕೆ ಹೊತ್ತಿಗೆ ಒಂದು ದೊಡ್ಡ ಚಮಚದಷ್ಟು ತುರಿ ಹಾಕಿ, ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ ಕೊಡಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಅರ್ಧ ಚಮಚ ತುಪ್ಪ ಇರಲಿ. ಮೀನು ತಿನ್ನುವವರಿಗೆ ಮೊದಲು ಜಿಡ್ಡು ಕಡಿಮೆಯಿರುವ ಕಾಣೆ ಅಥವಾ ನಂಗು ಕೊಡಿ. ಮೆಣಸು ಇಳಿಸಿದ ಪುಳಿಮುಂಚಿಗೆ, ಅಂದರೆ ಹುಳಿ-ಖಾರದ ಮೀನಿನ ಪದಾರ್ಥಕ್ಕೆ, ಕಾಯಿಯೇ ಬೇಡವಾದ್ದರಿಂದ ಅದು ಒಳ್ಳೆಯ ಆಯ್ಕೆ. ಮಳೆಗಾಲ ಕಳೆದ ಮೇಲೆ ಬರುವ, ಚಟ್ಟಿಯಲ್ಲಿ ತಾನೇ ಎಣ್ಣೆ ಬಿಡುವ ಬೂತಾಯಿಯನ್ನು ಆಮೇಲೆ ಒಂದೊಂದಾಗಿ ಸೇರಿಸಿದರಾಯಿತು. ತೆಂಗಿನೆಣ್ಣೆ ಜೀರ್ಣವಾಗಲು ಪಿತ್ತರಸವೇ ಬೇಡವೆಂದು ಹೇಳುವವರಿದ್ದಾರೆ. ಅದರ ಒಂದು ಸಣ್ಣ ಪಾಲಿಗೆ ಮಾತ್ರ ಆ ಮಾತು ಸಲ್ಲುತ್ತದೆ, ಆದ್ದರಿಂದ ಅದನ್ನು ನಂಬಿ ಕೈ ಸಡಿಲಿಸಬೇಡಿ.

ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿದ ಪಿತ್ತಾಮ್ಲ ಅಲ್ಲಿ ನೀರನ್ನು ಸೆಳೆಯುತ್ತದೆ. ಊಟವಾದ ಕೂಡಲೇ ಕೆಲವರಿಗೆ ಭೇದಿಯಾಗುವುದು ಇದರಿಂದಲೇ. ನೀರಿನಲ್ಲಿ ಲೋಳೆಯಾಗುವ ನಾರು ಪಿತ್ತಾಮ್ಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಸಳೆ, ಬೆಂಡೆ, ಚೆನ್ನಾಗಿ ಬೆಂದ ಹೆಸರು ಮತ್ತು ಹುರುಳಿ ಸಾರು ಇಲ್ಲಿ ಸಹಾಯಕ್ಕೆ ಬರುತ್ತವೆ. ಈ ಪದಾರ್ಥಗಳನ್ನು ಒಂದೇ ದಿನ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುತ್ತದೆ, ಆದ್ದರಿಂದ ವಾರಕ್ಕೊಂದನ್ನು ಸೇರಿಸಿ, ಏನು ತಿಂದಾಗ ಏನಾಯಿತೆಂದು ಪುಸ್ತಕದಲ್ಲಿ ಬರೆದಿಡಿ. ಹೀಗೆ ಹಿಡಿಯಲ್ಪಟ್ಟು ಪಿತ್ತಾಮ್ಲ ಹೊರಹೋದಾಗ ಯಕೃತ್ತು ಹೊಸದನ್ನು ತಯಾರಿಸಲು ರಕ್ತದ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಹೀಗಾಗಿ ಈ ಸಾರು, ಪಲ್ಯ ಮನೆಮಂದಿಗೆಲ್ಲ ಒಳ್ಳೆಯದು. ‘ಪಿತ್ತ ಏರಿದೆ’ ಎಂದು ಕುಡಿಯುವ ಪುನರ್ಪುಳಿ ಶರಬತ್ತಿನ ವಿಚಾರ ಬೇರೆ, ಅದು ಆಯುರ್ವೇದ ಹೇಳುವ ಪಿತ್ತ, ಈ ಪಿತ್ತರಸವಲ್ಲ.

ಎರಡು ಮೂರು ವಾರ ಹೀಗೆ ನಡೆಸಿದರೂ ಭೇದಿ ನಿಲ್ಲದಿದ್ದರೆ ಆ ಪುಸ್ತಕವನ್ನೇ ವೈದ್ಯರ ಮುಂದಿಡಿ. ಪಿತ್ತಾಮ್ಲವನ್ನು ಕರುಳಿನಲ್ಲೇ ಹಿಡಿಯುವ ಕೊಲೆಸ್ಟಿರಮೈನ್ ಎಂಬ ಪುಡಿಯಿದ್ದು, ಅದು ಬೇರೆ ಔಷಧಿಗಳನ್ನೂ ಹಿಡಿದುಬಿಡುವುದರಿಂದ, ಬಿಪಿ ಅಥವಾ ಥೈರಾಯ್ಡ್ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು ಇಲ್ಲವೇ ನಾಲ್ಕರಿಂದ ಆರು ಗಂಟೆ ನಂತರ ಕೊಡಬೇಕಾಗುತ್ತದೆ. ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು, ಮಲ ಜೇಡಿಮಣ್ಣಿನಂತೆ ಬಿಳಿಚಿಕೊಳ್ಳುವುದು, ಚಳಿಜ್ವರದೊಂದಿಗೆ ಬಲಪಕ್ಕೆಯ ಕೆಳಗೆ ನೋವು ಬರುವುದು, ಇವುಗಳಲ್ಲಿ ಯಾವುದು ಕಂಡರೂ ಪಿತ್ತನಾಳ ಕಟ್ಟಿಕೊಂಡಿರಬಹುದು. ಆಗ ಊಟದ ಪ್ರಯೋಗಗಳನ್ನೆಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.