ಶೀಟಿನ ಮೇಲೆ ಮಳೆ ಬಿದ್ದ ದಿನ: ಟೀಚರ್‌ಗಳ ತರಬೇತಿಯಲ್ಲಿ ನನ್ನ ಅನುಭವ

ನಾನು ದಕ್ಷಿಣ ಕೊಡಗಿನ ಒಂದು ಕ್ಲಸ್ಟರ್‌ಗೆ (ಅಕ್ಕಪಕ್ಕದ ಸ್ಕೂಲ್‌ಗಳ ಗುಂಪಿಗೆ) ಸಿಆರ್‌ಪಿ, ಅಂದ್ರೆ ಟೀಚರ್‌ಗಳಿಗೆ ನೆರವಾಗೋ ಸಂಪನ್ಮೂಲ ವ್ಯಕ್ತಿ ಆಗಿ ಬಂದಾಗ ಮೊದಲು ಸಿಕ್ಕಿದ ಕೆಲಸಗಳಲ್ಲಿ ಒಂದು, ಎಲ್ಲಾ ತರದ ಮಕ್ಕಳಿಗೂ ಹೊಂದೋ ಹಾಗೆ ಪಾಠ ಹೇಗೆ ಬದಲಾಯಿಸ್ಕೋಬೇಕು ಅಂತ ಟೀಚರ್‌ಗಳಿಗೆ ಹೇಳ್ಕೊಡೋದು. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ನಾನೂ ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡ್ದೋಳೇ.

ನಮ್ಮ ಕಡೆ ಕ್ಲಾಸ್‌ರೂಮ್ ಹೇಗಿರುತ್ತೆ ಅಂದ್ರೆ, ಹದಿನೆಂಟು ಮಕ್ಕಳಿದ್ರೆ ಮನೆಮಾತು ಐದಾರು. ಕೊಡವ ತಕ್ಕ್ ಮಾತಾಡೋ ಮಗು ಇರುತ್ತೆ, ಅರೆಭಾಷೆದು ಇರುತ್ತೆ, ಆದಿವಾಸಿಗಳ ಹಾಡಿಯಿಂದ ಬರೋ ಯರವರ ಮಕ್ಕಳು, ಜೇನುಕುರುಬರ ಮಕ್ಕಳು, ಮಲಯಾಳಂ, ತಮಿಳು ಮಾತಾಡೋರು, ಈಗೀಗ ತೋಟದ ಲೈನ್ ಮನೆಗಳಿಗೆ (ಕೂಲಿಯವರ ಸಾಲುಮನೆಗಳಿಗೆ) ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಇದಾರೆ. ಇವರ ಮಧ್ಯೆ ಸರಿಯಾಗಿ ಕಣ್ಣು ಕಾಣದ ಒಬ್ಬ, ಕಿವಿ ಕೇಳದ ಒಬ್ಬಳು, ಓದೋಕೆ ಕೂತ್ರೆ ಅಕ್ಷರ ಎಲ್ಲಾ ಕಲಸಿಹೋಗೋ ಇನ್ನೊಬ್ಬ. ಡಿಸೆಂಬರ್ ಬಂತು ಅಂದ್ರೆ ಕಾಫಿ ಕುಯ್ಲು, ಅಪ್ಪ ಅಮ್ಮ ಬೇರೆ ತೋಟಕ್ಕೆ ಹೋದ್ರೆ ಮಕ್ಕಳೂ ಜೊತೆಗೆ ಹೋಗ್ತಾರೆ, ವಾಪಸ್ ಬರೋದು ಮಾರ್ಚ್‌ಗೆ. ಸ್ಕೂಲಲ್ಲಿ ಇರೋದು ಇಬ್ಬರೇ ಟೀಚರ್, ಐದು ಕ್ಲಾಸು.

ಮೊದಲನೇ ತರಬೇತಿ ನಾನು ತುಂಬಾ ತಯಾರಿ ಮಾಡ್ಕೊಂಡು ಹೋಗಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ 21 ವಿಧದ ಅಂಗವಿಕಲತೆ ಇದೆ, ಹಳೇ 1995ರ ಕಾಯ್ದೆಲಿ 7 ಇತ್ತು, ಒಂದೊಂದರ ಲಕ್ಷಣ ಏನು, ಎಲ್ಲಾ ಸ್ಲೈಡ್ ಮಾಡಿದ್ದೆ. ಟೀಚರ್‌ಗಳು ನೀಟಾಗಿ ಬರ್ಕೊಂಡ್ರು. ಎರಡು ತಿಂಗಳು ಬಿಟ್ಟು ಸ್ಕೂಲ್ ವಿಸಿಟ್‌ಗೆ ಹೋದ್ರೆ ಕ್ಲಾಸಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಒಂದೇ, ಮುಂಚೆ "ಅವನು ಸ್ವಲ್ಪ ಡಲ್ ಮೇಡಂ" ಅಂತಿದ್ದೋರು ಈಗ "ಅವನಿಗೆ ಕಲಿಕಾ ನ್ಯೂನತೆ ಇರಬಹುದು ಮೇಡಂ" ಅಂತಿದ್ರು. ಮಗು ಮಾತ್ರ ಅದೇ ಹಿಂದಿನ ಬೆಂಚಲ್ಲೇ ಕೂತಿತ್ತು. ಇದರಲ್ಲಿ ಟೀಚರ್‌ಗಳ ತಪ್ಪೇನೂ ಇರಲಿಲ್ಲ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಏನ್ಮಾಡ್ಬೇಕು ಅನ್ನೋದನ್ನ ನಾನು ಹೇಳ್ಕೊಟ್ಟೇ ಇರಲಿಲ್ಲ.

ಎರಡನೇ ತರಬೇತಿ ಜುಲೈ ತಿಂಗಳಲ್ಲಿ ಬಿತ್ತು. ನಮ್ಮ ಜುಲೈ ಮಳೆ ಗೊತ್ತಲ್ಲ. ಹಾಲ್‌ಗೆ ಶೀಟಿನ ಮಾಡು, ಹನ್ನೊಂದು ಗಂಟೆ ಹೊತ್ತಿಗೆ ಮಳೆ ಹಿಡ್ಕೊಂಡ್ತು, ಕರೆಂಟ್ ಹೋಯ್ತು, ಪ್ರೊಜೆಕ್ಟರ್ ಆಫ್ ಆಯ್ತು, ನಾನು ಕಿರುಚಿದ್ರೂ ಮೊದಲನೇ ಸಾಲಿಗೇ ಕೇಳ್ತಿರಲಿಲ್ಲ. ಎಲ್ಲರೂ ಸುಮ್ನೆ ಕೂತಿದ್ವಿ. ಆಗ ಹಿರಿಯ ಟೀಚರ್ ಒಬ್ಬರು ಎದ್ದು ಬಂದು ಚಾಕ್‌ಪೀಸ್ ತಗೊಂಡು ಬೋರ್ಡ್ ಮೇಲೆ ದೊಡ್ಡದಾಗಿ "ಇಬ್ಬಿಬ್ಬರು ಜೊತೆ ಕೂತ್ಕೊಳ್ಳಿ" ಅಂತ ಬರೆದ್ರು, ಕೈಯಲ್ಲಿ ಸನ್ನೆ ಮಾಡಿದ್ರು, ಎಲ್ಲರೂ ಕೂತ್ವಿ. ಆಮೇಲೆ ಒಂದು ಚಿತ್ರ ಬರೆದ್ರು, ಅದರ ಕೆಳಗೆ ಒಂದು ಪ್ರಶ್ನೆ. ಒಂದೊಂದು ಜೋಡಿ ಹತ್ರ ಹೋಗಿ ಮುಖದ ಎದುರಿಗೇ ನಿಂತು ಎರಡೆರಡು ಮಾತು ಹೇಳಿದ್ರು. ಇಪ್ಪತ್ತು ನಿಮಿಷ ಹೀಗೇ ನಡೀತು. ಮಳೆ ಸ್ವಲ್ಪ ಇಳಿದ ಮೇಲೆ ಅವರು ಹೇಳಿದ್ದು ನಂಗೆ ಇವತ್ತಿಗೂ ಕಿವಿಲಿದೆ. "ಮೇಡಂ, ಮೂರು ತಿಂಗಳು ನಾವು ಪಾಠ ಮಾಡೋದೇ ಹೀಗೆ. ಒಂದು ವಿಷ್ಯ ಹೇಳ್ಲಾ, ನನ್ನ ಕ್ಲಾಸಲ್ಲಿ ಕಿವಿ ಕೇಳದ ಹುಡುಗಿ ಇದಾಳಲ್ಲ, ಅವಳು ಮಳೆಗಾಲದಲ್ಲಿ ತುಂಬಾ ಚುರುಕು. ಮಳೆ ನಿಂತ ಮೇಲೆ ಮತ್ತೆ ಮಂಕಾಗ್ತಾಳೆ. ಯಾಕೆ ಅಂತ ನಾನು ಯೋಚ್ನೇನೇ ಮಾಡಿರಲಿಲ್ಲ."

ಹಾಲ್ ಪೂರ್ತಿ ಸುಮ್ಮನಾಯ್ತು. ಮಳೆಗಾಲದಲ್ಲಿ ಯಾರಿಗೂ ಏನೂ ಕೇಳಲ್ಲ, ಅದಕ್ಕೆ ಟೀಚರ್ ಬರೆದು ತೋರಿಸ್ತಾರೆ, ಸನ್ನೆ ಮಾಡ್ತಾರೆ, ಮುಖ ನೋಡಿ ಮಾತಾಡ್ತಾರೆ, ಜೋಡಿ ಮಾಡಿ ಕೂರಿಸ್ತಾರೆ, ಆ ಮಗುಗೆ ಬೇಕಾಗಿದ್ದು ಅಷ್ಟೇ. ಮಳೆ ನಿಂತ ತಕ್ಷಣ ಮತ್ತೆ ಬೋರ್ಡ್ ಕಡೆ ತಿರುಗಿ ಬರೀತಾ ಬರೀತಾನೇ ಮಾತಾಡೋದು ಶುರುವಾಗುತ್ತೆ, ಅವಳಿಗೆ ಕಾಣೋದು ಟೀಚರ್ ಬೆನ್ನು ಮಾತ್ರ. ಅಂದ್ರೆ ಪಾಠ ಬದಲಾಯಿಸೋದು ನಮ್ಮ ಟೀಚರ್‌ಗಳಿಗೆ ಬರುತ್ತೆ, ಅದನ್ನ ಆಗಲೇ ಮಾಡ್ತಾನೂ ಇದಾರೆ, ಯಾವ ಮಗುವಿಗೋಸ್ಕರ ಯಾವಾಗ ಅನ್ನೋದು ಜೋಡಣೆ ಆಗಿಲ್ಲ ಅಷ್ಟೇ. ಅವತ್ತಿಂದ ನನ್ನ ತರಬೇತಿ ಸ್ಲೈಡಿಂದ ಶುರುವಾಗೋದು ನಿಂತೋಯ್ತು. ಮೊದಲನೇ ಪ್ರಶ್ನೆ, ನೀವು ಮಳೆಗಾಲದಲ್ಲಿ ಏನೇನ್ ಮಾಡ್ತೀರಿ? ಎರಡನೇದು, ನಲಿ-ಕಲಿಲಿ ಏನೇನ್ ಮಾಡ್ತೀರಿ?

ನಲಿ-ಕಲಿ ಅಂದ್ರೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸೋ ಪದ್ಧತಿ. ಅದು ಶುರುವಾಗಿದ್ದೇ ನಮ್ಮ ಪಕ್ಕದ ಎಚ್.ಡಿ.ಕೋಟೆಲಿ, 1995ರಲ್ಲಿ, ಹಾಡಿ ಮಕ್ಕಳು ಜಾಸ್ತಿ ಇರೋ ಜಾಗ. ಮಗು ರಜೆ ಹಾಕಿ ಬಂದ್ರೆ ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿಂದ ಮುಂದುವರಿಬಹುದು, ಕಲಿಕಾ ಏಣಿ ಇದೆ, ಕಾರ್ಡ್ ಇದೆ, ಯಾರಿಗೆ ಎಷ್ಟು ಸಹಾಯ ಬೇಕೋ ಅದರ ಪ್ರಕಾರ ಗುಂಪು ಇದೆ. ಮೂರನೇ ಕ್ಲಾಸ್ ತನಕ ಇದನ್ನೆಲ್ಲಾ ಚೆನ್ನಾಗಿ ಮಾಡೋ ಟೀಚರೇ ನಾಲ್ಕನೇ ಕ್ಲಾಸಿಗೆ ಹೋದ ತಕ್ಷಣ ಎಲ್ಲರಿಗೂ ಒಂದೇ ಪುಟ, ಒಂದೇ ಸ್ಪೀಡು. ಕಾಫಿ ಕುಯ್ಲಿಗೆ ಹೋಗಿ ಬಂದ ಮಗು ಅಲ್ಲೇ ಕಳೆದುಹೋಗೋದು.

ಇನ್ನೊಂದು ಮಾಡಿದ್ದು, ನಮ್ಮಲ್ಲೇ ಒಬ್ಬರು ಕೊಡವ ಮೇಡಂ ಹತ್ರ ಕೂಡೋ ಲೆಕ್ಕದ ಪಾಠಾನ ಪೂರ್ತಿ ಕೊಡವ ತಕ್ಕ್‌ನಲ್ಲೇ ಹತ್ತು ನಿಮಿಷ ಮಾಡ್ಸಿದ್ದು. ನಮ್ಮ ಜಿಲ್ಲೆಲಿ ಹಾಸನ, ಮಂಡ್ಯ, ಉತ್ತರ ಕರ್ನಾಟಕದ ಕಡೆಯಿಂದ ಬಂದ ಟೀಚರ್‌ಗಳು ಬೇಕಾದಷ್ಟಿದಾರೆ. ವಿಜಯಪುರ ಕಡೆ ಸರ್ ಒಬ್ಬರು, ಗಣಿತದಲ್ಲಿ ಎತ್ತಿದ ಕೈ, ಮೇಡಂ "ದಂಡ್" ಅಂದಾಗ ಅದು ಎರಡು ಅಂತ ಗೊತ್ತಾಗ್ದೆ ಪಕ್ಕದವರ ಪುಸ್ತಕ ನೋಡಿ ಕಾಪಿ ಮಾಡ್ತಿದ್ರು. ಆಮೇಲೆ ಎದ್ದು ನಿಂತು ಹೇಳಿದ್ರು, "ನಮ್ ಹಾಡಿ ಹುಡುಗ ದಿನಾ ಮಾಡೋದು ಇದನ್ನೇರಿ, ನಾ ಅವಂಗ ಕಾಪಿ ಹೊಡೀತಾನ ಅಂತ ಬೈತಿದ್ದೆ." ಕಣ್ಣು ಕಾಣದಿದ್ರೆ ಹೇಗಿರುತ್ತೆ ಅಂತ ತೋರಿಸೋಕೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸೋ ಆಟ ಮಾತ್ರ ನಾನು ಬಿಟ್ಟುಬಿಟ್ಟೆ. ಅದನ್ನ ಮಾಡಿದೋರು ಅಯ್ಯೋ ಪಾಪ ಅನ್ಕೊಂಡು ಮನೆಗೆ ಹೋಗ್ತಾರೆ, ಪಾಠ ಹಾಗೇ ಇರುತ್ತೆ.

ಈಗ ನಾವು ಮಾಡೋ ಕೆಲಸ ತುಂಬಾ ಚಿಕ್ಕದು. ಪ್ರತಿಯೊಬ್ಬ ಟೀಚರೂ ಒಂದು ಪಾಠ, ಒಂದು ಮಗುವಿನ ನೋಟ್‌ಬುಕ್ ತರ್ಬೇಕು. ಅರ್ಧ ಹಾಳೆ. ಈ ಪಾಠ ಮುಗಿದಾಗ ಮಗುಗೆ ಏನು ಬರ್ಲೇಬೇಕು ಅಂತ ಒಂದು ವಾಕ್ಯ. ಈ ಮಗುಗೆ ಎಲ್ಲಿ ತಡೆ ಆಗ್ತಿದೆ, ಓದೋದರಲ್ಲಾ, ಬರೆಯೋದರಲ್ಲಾ, ಕೇಳಿಸಿಕೊಳ್ಳೋದರಲ್ಲಾ, ಭಾಷೆಲಾ. ಆ ತಡೆ ತಪ್ಪಿಸಿ ಹೋಗೋ ಒಂದು ದಾರಿ. ಅಷ್ಟೇ, ಜಾಸ್ತಿ ಬರೆಸಿದ್ರೆ ಇಬ್ಬರೇ ಟೀಚರ್ ಇರೋ ಸ್ಕೂಲಲ್ಲಿ ಅದು ಫೈಲ್ ಸೇರುತ್ತೆ ಹೊರತು ಕ್ಲಾಸಿಗೆ ಬರಲ್ಲ.

ಒಂದು ಸಲ ಒಬ್ಬ ಟೀಚರ್ ಐದನೇ ಕ್ಲಾಸ್ ಹುಡುಗನ ನೋಟ್‌ಬುಕ್ ತಂದ್ರು, ಗುಣಾಕಾರ ಬರಲ್ಲ, ಎಲ್ಲಾ ಕೆಂಪು ಗೆರೆ. ಮಾರನೇ ವಾರ ನಾನೇ ಆ ಕ್ಲಾಸಿಗೆ ಹೋದೆ. ಹುಡುಗ ಲೈನ್ ಮನೆಯವನು, ಸಂಜೆ ಕುಯ್ದ ಕಾಫಿ ತೂಕ ಹಾಕೋವಾಗ ಅಮ್ಮನ ಜೊತೆ ನಿಂತ್ಕೋತಾನಂತೆ. ಪುಸ್ತಕ ಮುಚ್ಚಿಸಿ ಕೇಳಿದೆ, "ಅಮ್ಮ 62 ಕೆಜಿ ಹಣ್ಣು ಕುಯ್ದ್ರು, ಕೆಜಿಗೆ 5 ರೂಪಾಯಿ ಅಂತ ಇಟ್ಕೋ, ರೈಟರ್ ಎಷ್ಟು ಕೊಡ್ಬೇಕು?" (ರೈಟರ್ ಅಂದ್ರೆ ತೋಟದ ಲೆಕ್ಕ ಬರೆಯೋರು.) ಹುಡುಗ ಕಿಟಕಿ ಕಡೆ ನೋಡ್ದ, ಬೆರಳು ಎರಡು ಸಲ ಮಡಚಿದ, "310 ಮಿಸ್" ಅಂದ. ಹೇಗೆ ಅಂದ್ರೆ, "60ಕ್ಕೆ 300, ಇನ್ನೆರಡಕ್ಕೆ 10." ಟೀಚರ್ ನನ್ನ ಮುಖ ನೋಡಿದ್ರು. ಅವನು ಹೇಳಿದ್ದನ್ನೇ ಬೋರ್ಡ್ ಮೇಲೆ ಎರಡು ಸಾಲಲ್ಲಿ ಬರೆದ್ವಿ, ಕೆಳಗೆ ಕೂಡಿದ್ವಿ, ಪುಸ್ತಕದಲ್ಲಿರೋ ವಿಧಾನಾನೂ ಅದೇ ಅಂತ ತೋರಿಸಿದ್ವಿ. ಮುಂದಿನ ಲೆಕ್ಕಗಳು ಎಲ್ಲಾ ಮಕ್ಕಳಿಗೂ ತೋಟದ್ದೇ ಆಯ್ತು, ನಮ್ಮಲ್ಲಿ ಕಾಫಿ ರೇಟ್ 50 ಕೆಜಿ ಚೀಲಕ್ಕೆ ಹೇಳೋದು, ಅದರಿಂದ ಕೆಜಿ ರೇಟ್ ತೆಗೆಯೋಕೆ ಭಾಗಾಕಾರ. ಬೆಳೆಗಾರರ ಮಕ್ಕಳು, ಕುಯ್ಯೋರ ಮಕ್ಕಳು ಒಟ್ಟಿಗೆ ಕೂತು ಮಾಡಿದ್ರು.

ಇಲ್ಲಿ ಒಂದು ಎಚ್ಚರ ಹೇಳ್ಲೇಬೇಕು. ಆ ಹುಡುಗನಿಗೆ ಗುಣಾಕಾರ ಗೊತ್ತಿದ್ಯಾ ಅಂತ ನೋಡೋಕೆ ಬಾಯಲ್ಲಿ ಹೇಳಿದ್ರೆ ಸಾಕು. ಆದ್ರೆ ಕನ್ನಡದಲ್ಲಿ ಪತ್ರ ಬರೆಯೋದು ಪಾಠದ ಗುರಿ ಆಗಿದ್ರೆ ಬಾಯಲ್ಲಿ ಹೇಳ್ಸಿ ಮುಗಿಸೋಕಾಗಲ್ಲ, ಅಲ್ಲಿ ಬರವಣಿಗೆಗೇ ಸಹಾಯ ಬೇಕು. ಒಂದು ಸ್ಕೂಲಲ್ಲಿ ಓದೋಕೆ ಬರದ ಹುಡುಗಿಗೆ ವರ್ಷ ಪೂರ್ತಿ ಚಿತ್ರಕ್ಕೆ ಬಣ್ಣ ಹಚ್ಚೋ ಕೆಲಸ ಕೊಟ್ಟಿದ್ರು, ಒಳ್ಳೇ ಮನಸ್ಸಿಂದಾನೇ, ಅವಳಿಗೂ ಖುಷಿ, ಆದ್ರೆ ಅವಳ ವಯಸ್ಸಿನೋರು ನೀರಿನ ಬಗ್ಗೆ, ಕಾಡಿನ ಬಗ್ಗೆ ಕಲಿತಿದ್ದು ಅವಳಿಗೆ ಸಿಗಲೇ ಇಲ್ಲ. ಅದು ನನ್ನ ತರಬೇತಿಗೆ ಬಂದೋರೇ ಮಾಡಿದ್ದು, ಅದಕ್ಕೆ ನಂಗೆ ತುಂಬಾ ಸಂಕಟ ಆಯ್ತು. ದಾರಿ ಸುಲಭ ಮಾಡಿ, ಹೋಗೋ ಊರು ಬದಲಾಯಿಸ್ಬೇಡಿ ಅಂತ ಈಗ ಪ್ರತಿ ಸಲ ಹೇಳ್ತೀನಿ.

ಕಣ್ಣು ಮಂಜಾಗಿರೋ ಮಗುಗೆ ಮಾಡಿದ್ದೆಲ್ಲಾ ಖರ್ಚಿಲ್ಲದ ಕೆಲಸ. ನೋಟ್‌ಬುಕ್‌ನಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಗೆ ಕಪ್ಪು ಸ್ಕೆಚ್ ಪೆನ್ ಎಳೆದ್ವಿ, ಪಾಠದ ಪುಟ ಜೆರಾಕ್ಸ್‌ನಲ್ಲಿ ದೊಡ್ಡದು ಮಾಡ್ಸಿದ್ವಿ, ಬೋರ್ಡ್ ಮೇಲೆ ಬೆಳಕು ಹೊಳೀತಿತ್ತು, ಆ ಕಿಟಕಿಗೆ ಗೋಣಿಚೀಲ ಕಟ್ಟಿದ್ವಿ. ಗೋಣಿಚೀಲ ಕಟ್ಟಿದ್ಮೇಲೆ ಆ ಸಾಲಲ್ಲಿ ಕೂತಿದ್ದ ಬೇರೆ ನಾಲ್ಕು ಮಕ್ಕಳೂ ನಮ್ಗೂ ಈಗ ಕಾಣುತ್ತೆ ಅಂದ್ರು.

ಇನ್ನೂ ದಾರಿ ಸಿಗದೇ ಇರೋದು ಪರೀಕ್ಷೆ ವಿಷ್ಯ. ಎಸ್‌ಎಸ್‌ಎಲ್‌ಸಿಲಿ ಅಂಗವಿಕಲತೆ ಸರ್ಟಿಫಿಕೇಟ್ ಇರೋ ಮಕ್ಕಳಿಗೆ ಬರೆಯೋ ಸಹಾಯಕರು, ಹೆಚ್ಚಿನ ಟೈಮು ಸಿಗುತ್ತೆ, ಆದ್ರೆ ಹಾಡಿಯಿಂದ ಬಂದು ಭಾಷೆಯಿಂದಾಗಿ ಹಿಂದೆ ಬಿದ್ದ ಮಗುಗೆ ಯಾವ ಸರ್ಟಿಫಿಕೇಟೂ ಇರಲ್ಲ. ಎಫ್‌ಎ, ಅಂದ್ರೆ ವರ್ಷದ ಮಧ್ಯೆ ಟೀಚರೇ ಮಾಡೋ ಮೌಲ್ಯಮಾಪನ, ಅದು ಮಾತ್ರ ನಮ್ಮ ಕೈಲಿದೆ, ಅದರಲ್ಲಿ ಬಾಯಲ್ಲಿ ಕೇಳಬಹುದು, ಮಾಡ್ಸಿ ನೋಡಬಹುದು, ಅದನ್ನ ಬಿಡದೆ ಮಾಡಿ ಅಂತ ಟೀಚರ್‌ಗಳಿಗೆ ಹೇಳ್ತೀನಿ.

ಆ ಹಿರಿಯ ಟೀಚರ್ ಹೋದ ಡಿಸೆಂಬರ್‌ನಲ್ಲಿ ಫೋನ್ ಮಾಡಿದ್ರು. ಮಳೆ ನಿಂತು ಎರಡು ತಿಂಗಳಾಗಿದೆ, ಇನ್ನೂ ಬೋರ್ಡಿಗೆ ಬರೆದು ತಿರುಗಿದ ಮೇಲೇ ಮಾತಾಡ್ತಿದೀನಿ ಮೇಡಂ, ಮೊದಮೊದಲು ಮರೀತಿತ್ತು, ಈಗ ನಾನು ಮರೆತ್ರೆ ಆ ಹುಡುಗಿ ಬೆಂಚ್ ತಟ್ತಾಳೆ ಅಂದ್ರು.