ಗುಜರಿಗೆ ಹೋಗಬೇಕಿದ್ದ ಫ್ಯಾಕ್ಟರಿ ಜಾಬ್ ವರ್ಕ್ ಮೇಲೆ ಓಡಿತು: ನನ್ನ ಅನುಭವ

“ಸಾರ್, ಶೆಡ್ ಬಾಡಿಗೆದು. ಸ್ವಂತ ಜಾಗ ಇಲ್ಲ, ಕೈಯಲ್ಲಿ ದುಡ್ಡಿಲ್ಲ. ಇದರಲ್ಲಿ ಏನು ರೆಸಲ್ಯೂಷನ್ ಮಾಡ್ತೀರಿ? ಲಿಕ್ವಿಡೇಶನ್‌ಗೆ ಹಾಕಿ ಮುಗಿಸಿಬಿಡಿ.” ನಾನು ಇನ್‌ಸಾಲ್ವೆನ್ಸಿ ಪ್ರೊಫೆಷನಲ್, ಸಾಲ ತೀರಿಸಲಾಗದ ಕಂಪನಿಗಳ ಕೇಸು ನಡೆಸುವವನು. 2024ರ ಏಪ್ರಿಲ್‌ನಲ್ಲಿ ಮೊದಲ ಸಿಒಸಿ (ಸಾಲ ಕೊಟ್ಟವರ ಸಮಿತಿ) ಮೀಟಿಂಗ್‌ನಲ್ಲಿ ಬ್ಯಾಂಕಿನವರು ನನಗೆ ಹೇಳಿದ ಮಾತು ಇದು. ರೆಸಲ್ಯೂಷನ್ ಅಂದರೆ ಕಂಪನಿಯನ್ನು ಉಳಿಸಿ ಮುಂದುವರಿಸುವುದು, ಲಿಕ್ವಿಡೇಶನ್ ಅಂದರೆ ಇದ್ದದ್ದನ್ನು ಮಾರಿ ಮುಚ್ಚುವುದು. ಇನ್ನೊಂದು ಸಾಲದಾತ ಎನ್‌ಬಿಎಫ್‌ಸಿಯವರೂ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಹೌದು ಅಂತ ತಲೆ ಆಡಿಸಿದರು. ಹೊರಗೆ ಬಂದ ಮೇಲೆ ನನ್ನದೇ ಕೆಲಸ ಮಾಡುವ ಇಬ್ಬರು ಗೆಳೆಯರೂ ಅದನ್ನೇ ಹೇಳಿದರು. ಒಬ್ಬರಂತೂ, “ಸುಮ್ನೆ ಯಾಕೆ ಪರದಾಡ್ತೀಯಪ್ಪ, ಮಿನಿಮಮ್ ಫೀಸ್ ತಗೊಂಡು ಮನೆಗೆ ಹೋಗು” ಅಂದರು.

2025ರ ಆಗಸ್ಟ್‌ನಲ್ಲಿ ಅದೇ ಫ್ಯಾಕ್ಟರಿಯ ರೆಸಲ್ಯೂಷನ್ ಪ್ಲಾನ್‌ಗೆ ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ಒಪ್ಪಿಗೆ ಸಿಕ್ಕಿತು. ಪೀಣ್ಯದ ಆ ಶೆಡ್‌ನಲ್ಲಿ ಮೆಷಿನ್‌ಗಳು ಇವತ್ತೂ ತಿರುಗುತ್ತಿವೆ. ಇಬ್ಬರು ಗೆಳೆಯರೂ ಫೋನ್ ಮಾಡಿ “ಹೇಗೆ ಮಾಡಿದೆ?” ಅಂತ ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದಿವಾಳಿ ಕಾನೂನಿನ (ಐಬಿಸಿ) ಸೆಕ್ಷನ್ 7, 9, 10 ಅಂದರೆ ಅರ್ಜಿ ಹಾಕುವ ಮೂರು ದಾರಿಗಳು ಅಂತ ತಿಳಿದರೆ ಸಾಕು, ಹೆಚ್ಚು ವಿವರಿಸಲು ಹೋಗುವುದಿಲ್ಲ.

ಇದಕ್ಕೆ ಮುಂಚೆ ಎರಡು ಸಲ ಸೋತಿದ್ದೇನೆ. ಈ ಸಲದ ಉಪಾಯ ಹುಟ್ಟಿದ್ದು ಆ ಸೋಲುಗಳಲ್ಲಿ, ಹಾಗಾಗಿ ಮೊದಲು ಅವನ್ನೇ ಹೇಳುತ್ತೇನೆ.

ನಾನು ಮೂಲತಃ ಕಾಸ್ಟ್ ಅಕೌಂಟೆಂಟ್. ಐಬಿಬಿಐ (ಈ ವೃತ್ತಿಯನ್ನು ನಿಯಂತ್ರಿಸುವ ಮಂಡಳಿ) ಪರೀಕ್ಷೆಯಲ್ಲಿ ಮೊದಲ ಸಲ ಫೇಲ್ ಆದೆ. ನೆಗೆಟಿವ್ ಮಾರ್ಕಿಂಗ್ ಇದ್ದರೂ ಗೊತ್ತಿಲ್ಲದ್ದಕ್ಕೆಲ್ಲ ಟಿಕ್ ಹಾಕಿದ್ದೆ, ಇನ್ನೇನಾಗುತ್ತೆ. ಎರಡನೇ ಸಲ ಪಾಸಾದೆ. ರಿಜಿಸ್ಟ್ರೇಷನ್ ಬಂದ ಮೇಲೆ ಒಂದೂವರೆ ವರ್ಷ ಒಂದು ಕೇಸೂ ಬರಲಿಲ್ಲ. 2019ರಲ್ಲಿ ಸಿಕ್ಕಿದ ಮೊದಲ ಕೇಸು ಒಂದು ಮೆಷಿನ್ ಶಾಪ್. ನಾನು ಹೋಗುವ ಹೊತ್ತಿಗೆ ಕರೆಂಟ್ ಕಟ್ ಆಗಿ ಏಳೆಂಟು ತಿಂಗಳಾಗಿತ್ತು. ಬೀಗ ತೆಗೆದು ನೋಡಿದರೆ ಮೆಷಿನ್‌ಗಳು ಚೆನ್ನಾಗೇ ಕಂಡವು. ಧೂಳು ಬಿಟ್ಟರೆ ಏನೂ ಆಗಿಲ್ಲ ಅಂದುಕೊಂಡೆ. ಖರೀದಿಗೆ ಬಂದವರು ಪವರ್ ಕೊಟ್ಟು ಆನ್ ಮಾಡಿದಾಗ ನಿಜ ಗೊತ್ತಾಯಿತು. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಕಂಟ್ರೋಲ್‌ನೊಳಗೆ ಒಂದು ಸಣ್ಣ ಬ್ಯಾಟರಿ ಇರುತ್ತದೆ, ಮೆಷಿನ್‌ನ ಪ್ಯಾರಾಮೀಟರ್‌ಗಳನ್ನು, ಅಂದರೆ ಸೆಟ್ಟಿಂಗ್‌ಗಳನ್ನು, ಅದು ಕಾಪಾಡುತ್ತದೆ. ಅದು ಸತ್ತುಹೋಗಿತ್ತು. ಹದಿನಾಲ್ಕರಲ್ಲಿ ಒಂಬತ್ತು ಮೆಷಿನ್‌ಗಳಲ್ಲಿ ಎಲ್ಲ ಅಳಿಸಿಹೋಗಿತ್ತು, ಬ್ಯಾಕಪ್ ಯಾರ ಹತ್ತಿರವೂ ಇರಲಿಲ್ಲ. ಕೆಲಸ ಮಾಡುವ ಮೆಷಿನ್‌ನ ರೇಟಿಗೆ ಮಾತಾಡುತ್ತಿದ್ದವರು ಕೆ.ಜಿ. ಲೆಕ್ಕಕ್ಕೆ ಇಳಿದರು. ಕೊನೆಗೆ ಲಿಕ್ವಿಡೇಶನ್. ನನಗೆ ಬರಬೇಕಿದ್ದದ್ದು ಸುಮಾರು 11 ಲಕ್ಷ, ಬಂದದ್ದು 4 ಲಕ್ಷದ ಆಸುಪಾಸು. ಆಗ ಮಿನಿಮಮ್ ಫೀಸ್ ನಿಯಮವೂ ಇರಲಿಲ್ಲ, ಅದು ಬಂದದ್ದು 2022ರ ಅಕ್ಟೋಬರ್‌ನಲ್ಲಿ.

ಎರಡನೇ ಕೇಸು 2021ರಲ್ಲಿ. ಈ ಸಲ ಬುದ್ಧಿ ಬಂದಿದೆ, ಫ್ಯಾಕ್ಟರಿ ಓಡಿಸಲೇಬೇಕು ಅಂತ ಹೊರಟೆ. ಓಡಿಸಲು ದುಡ್ಡು ಬೇಕು, ಇಂಟರಿಮ್ ಫೈನಾನ್ಸ್ (ಕೇಸು ನಡೆಯುವಾಗ ತರುವ ಸಾಲ) ಹುಡುಕಿದೆ. ಸಿಐಆರ್‌ಪಿ (ಈ ರೆಸಲ್ಯೂಷನ್ ಪ್ರಕ್ರಿಯೆ) ಖರ್ಚಿಗೆ ಎಲ್ಲಕ್ಕಿಂತ ಮೊದಲ ಸ್ಥಾನ ಇದೆ ಅಂತ ಸೆಕ್ಷನ್ 53 ತೋರಿಸಿದರೆ ದುಡ್ಡು ಬರುತ್ತೆ ಅನ್ನುವ ಭ್ರಮೆ ನನ್ನದು. ಐದು ಕಡೆ ಕೇಳಿದೆ. ಸಣ್ಣ ಕಂಪನಿಗೆ 40 ಲಕ್ಷ ಕೊಡುವ ತಲೆನೋವು ಯಾರಿಗೂ ಬೇಕಿರಲಿಲ್ಲ. ಅಷ್ಟರಲ್ಲಿ ಒಬ್ಬ ಗ್ರಾಹಕ ಹಳೇ ಬಿಲ್ಲಿನ 6.8 ಲಕ್ಷವನ್ನು ಹಳೇ ಕ್ಯಾಶ್ ಕ್ರೆಡಿಟ್ ಖಾತೆಗೆ ಹಾಕಿಬಿಟ್ಟ. ಬ್ಯಾಂಕು ಅದನ್ನು ಸಾಲಕ್ಕೆ ಹೊಂದಿಸಿಕೊಂಡಿತು. ಮೊರಟೋರಿಯಂ (ಕೇಸು ನಡೆಯುವಾಗ ಹಳೇ ಬಾಕಿ ವಸೂಲಿಗೆ ಇರುವ ತಡೆ) ಇದೆ ಅಂತ ಪತ್ರದ ಮೇಲೆ ಪತ್ರ ಬರೆದು ವಾಪಸ್ ಪಡೆಯುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಕೆಲಸಗಾರರು ಆಗಲೇ ಬೇರೆ ಕಡೆ ಸೇರಿಕೊಂಡಿದ್ದರು. ಮತ್ತೆ ಲಿಕ್ವಿಡೇಶನ್.

ಮೂರನೇ ಕೇಸು, ಮೊದಲು ಹೇಳಿದ ಪೀಣ್ಯದ್ದು, ಬಂದದ್ದು 2024ರ ಮಾರ್ಚ್‌ನಲ್ಲಿ. ಟೂಲಿಂಗ್ ಸಪ್ಲೈ ಮಾಡುವವರು ತಮ್ಮ ಬಾಕಿಗಾಗಿ ಸೆಕ್ಷನ್ 9ರಲ್ಲಿ ಹಾಕಿದ ಅರ್ಜಿ. ಅಲ್ಯೂಮಿನಿಯಂ ಕಾಸ್ಟಿಂಗ್ (ಎರಕದ ಭಾಗ) ಮೆಷಿನಿಂಗ್ ಮಾಡುವ ಯೂನಿಟ್, 9 ವಿಎಂಸಿ (ಸಿಎನ್‌ಸಿ ಮಿಲ್ಲಿಂಗ್ ಮೆಷಿನ್), 11 ಲೇತ್, 46 ಜನ ಕೆಲಸಗಾರರು. ಸಾಲದಾತರ ಕ್ಲೈಮ್ (ಬರಬೇಕಾದ ಬಾಕಿ) ಎಲ್ಲ ಸೇರಿ 23 ಕೋಟಿ ಹತ್ತಿರ. ಆರ್ಡರ್ ಕೈಗೆ ಬಂದ ಮರುದಿನ ಬೆಳಿಗ್ಗೆ ನಾನು ಹೋದದ್ದು ಪ್ರಮೋಟರ್ (ಕಂಪನಿ ಮಾಲೀಕರು) ಮನೆಗಲ್ಲ, ಬ್ಯಾಂಕಿಗೂ ಅಲ್ಲ. ಒಬ್ಬ ಸರ್ವಿಸ್ ಎಂಜಿನಿಯರ್‌ನನ್ನು ಕರೆದುಕೊಂಡು ಸೀದಾ ಶೆಡ್‌ಗೆ ಹೋದೆ. ಮೆಷಿನ್‌ಗಳು ಇನ್ನೂ ಆನ್ ಇದ್ದವು. ಇಪ್ಪತ್ತಕ್ಕೂ ಪ್ಯಾರಾಮೀಟರ್ ಬ್ಯಾಕಪ್ ತೆಗೆಸಿದೆ. ಮೆಷಿನ್ ಆನ್ ಇರುವಾಗಲೇ ಬ್ಯಾಟರಿ ಬದಲಾಯಿಸಿದೆ. ಆಫ್ ಮಾಡಿ ಬ್ಯಾಟರಿ ತೆಗೆದರೆ ಕತೆ ಮುಗಿಯಿತು. ಪ್ರತಿ ಕಂಟ್ರೋಲ್ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ತಾರೀಕು ಬರೆದೆವು. ಒಟ್ಟು ಖರ್ಚು 45 ಸಾವಿರ. ಶುರುವಿನ ಖರ್ಚಿಗೆ ಅರ್ಜಿದಾರರು ಕಟ್ಟಬೇಕಿದ್ದ 2 ಲಕ್ಷ ಇನ್ನೂ ಬಂದಿರಲಿಲ್ಲ, ನನ್ನ ಕೈಯಿಂದಲೇ ಹಾಕಿದೆ.

ಆಮೇಲೆ ದುಡ್ಡಿನ ಪ್ರಶ್ನೆ. ಕಂಪನಿಗೆ ಹೊರೆಯಾಗಿದ್ದದ್ದು ಕಚ್ಚಾ ಮಾಲು. ಕಾಸ್ಟಿಂಗ್ ತರಲು ತಿಂಗಳಿಗೆ 60-65 ಲಕ್ಷ ಬೇಕಿತ್ತು. ನಾನು ಮಾಡಿದ್ದು ಇಷ್ಟೇ: ಕಚ್ಚಾ ಮಾಲನ್ನು ಲೆಕ್ಕದಿಂದಲೇ ತೆಗೆದುಹಾಕಿದೆ. ಗ್ರಾಹಕರೇ ಕಾಸ್ಟಿಂಗ್ ಕಳಿಸಲಿ, ನಾವು ಮೆಷಿನಿಂಗ್ ಮಾಡಿ ವಾಪಸ್ ಕಳಿಸುತ್ತೇವೆ, ಪೀಸಿಗೆ ಇಷ್ಟು ಅಂತ ಕೂಲಿ ಕೊಡಲಿ. ಪೂರ್ತಿ ಜಾಬ್ ವರ್ಕ್. ಜಿಎಸ್‌ಟಿಯ ಸೆಕ್ಷನ್ 143ರಲ್ಲಿ ಡೆಲಿವರಿ ಚಲನ್ ಮೇಲೆ ಮಾಲು ಬರುತ್ತದೆ, ತೆರಿಗೆ ಕಟ್ಟಬೇಕಾಗಿಲ್ಲ, ಒಂದು ವರ್ಷದೊಳಗೆ ವಾಪಸ್ ಹೋದರೆ ಸಾಕು. ನಮ್ಮದು ವಾರದೊಳಗೇ ಹೋಗುತ್ತಿತ್ತು. ಹಳೇ ರಿಟರ್ನ್‌ಗಳು ಬಾಕಿ ಇದ್ದವು. ಹಾಗಾಗಿ 30 ದಿನದೊಳಗೆ ಹೊಸ ಜಿಎಸ್‌ಟಿ ರಿಜಿಸ್ಟ್ರೇಷನ್ ಮಾಡಿಸಿದೆ. ಬೇರೆ ಬ್ಯಾಂಕಿನಲ್ಲಿ ಹೊಸ ಕರೆಂಟ್ ಅಕೌಂಟ್ ತೆರೆದೆ. ಎರಡನೇ ಕೇಸಿನ ಪಾಠ ಅದು.

ನಾಲ್ಕು ಗ್ರಾಹಕರಿಗೆ ಪತ್ರ ಬರೆದೆ. ಇಬ್ಬರು ಉತ್ತರ ಕೊಡಲಿಲ್ಲ. ಮೂರನೆಯವರು ಆರ್ಡರ್ ಅರ್ಧ ಮಾಡಿದರು. ಉಳಿದದ್ದು ದೊಡ್ಡವರು, ಅವರೇ ನನ್ನ ನಿಜವಾದ ಆಸರೆ. ಅವರ ಲೈನ್‌ಗೆ ಬೇಕಾದ ಎರಡು ಪಾರ್ಟ್‌ಗಳಿಗೆ ಫಿಕ್ಸ್ಚರ್ (ಪಾರ್ಟ್ ಹಿಡಿದಿಡುವ ಸಾಧನ) ಇದ್ದದ್ದು ನಮ್ಮಲ್ಲಿ ಮಾತ್ರ. ಬೇರೆ ಕಡೆ ಡೆವಲಪ್ ಮಾಡಲು ನಾಲ್ಕೈದು ತಿಂಗಳು ಬೇಕು. ಅವರಿಗೆ ನಾವು ಬೇಕು, ಆದರೆ ನಮಗೆ ಅವರು ಎಷ್ಟು ಬೇಕು ಅನ್ನುವುದು ಅವರಿಗೆ ಗೊತ್ತಾಗಬಾರದು. ಆ ಮೊದಲ ಪತ್ರ ಹೇಗೆ ಬರೆದೆ, ಅದರಲ್ಲಿ ಏನು ಹೇಳಿದೆ, ಏನು ಹೇಳಲಿಲ್ಲ ಅನ್ನುವುದನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ನನ್ನ ಹೊಟ್ಟೆಪಾಡೂ ನಡೆಯಬೇಕಲ್ವಾ.

ಅವರೂ ಬಿಡಲಿಲ್ಲ. ಮೊದಲ ವಾರದ ಬಿಲ್ಲಿನಲ್ಲೇ ಹಳೇ ಡೆಬಿಟ್ ನೋಟ್ (ನಮ್ಮಿಂದ ಅವರಿಗೆ ಬರಬೇಕಾದ ಬಾಕಿ) ಅಂತ 3 ಲಕ್ಷ ಕಡಿದುಕೊಂಡು ಕಳಿಸಿದರು. ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆಗಿನ್ನೂ ಬಿಸಿಬಿಸಿ ಇತ್ತು. ಒಂದೆರಡು ವಿನಾಯಿತಿ ಬಿಟ್ಟರೆ ಸಿಐಆರ್‌ಪಿಯಲ್ಲಿ ಹಳೇ ಬಾಕಿಯನ್ನು ಹೊಸದಕ್ಕೆ ಹೊಂದಿಸುವ ಹಾಗಿಲ್ಲ. ತೀರ್ಪಿನ ಪ್ರತಿ ಹಿಡಿದು ಅವರ ಫೈನಾನ್ಸ್ ಆಫೀಸಿಗೆ ಹೋಗಿ ಕೂತೆ. ಮಧ್ಯಾಹ್ನದವರೆಗೆ ಕೂರಿಸಿದರು. ಸಂಜೆ ದುಡ್ಡು ಬಂತು. ಹಳೇ ಡೆಬಿಟ್ ನೋಟನ್ನು ಫಾರ್ಮ್ ಬಿಯಲ್ಲಿ ಕ್ಲೈಮ್ ಹಾಕಿ ಅಂದೆ, ಹಾಕಿದರು.

ಕರೆಂಟಿನದೂ ಅದೇ ಜಗಳ. ಹಳೇ ಬಾಕಿ ಕಟ್ಟದಿದ್ದರೆ ಫ್ಯೂಸ್ ಕೀಳುತ್ತೇವೆ ಅಂತ ಬಂದರು. ಹಳೆಯದು ಕ್ಲೈಮ್, ಇವತ್ತಿನಿಂದ ಬರುವ ಬಿಲ್ ಒಂದು ದಿನವೂ ತಡ ಮಾಡುವುದಿಲ್ಲ ಅಂತ ಬರೆದುಕೊಟ್ಟೆ. ಕೊಟ್ಟ ಮಾತು ಉಳಿಸಿಕೊಂಡೆ. ಶೆಡ್ ಮಾಲೀಕರೂ ಖಾಲಿ ಮಾಡಿ ಅಂದರು. ಮೊರಟೋರಿಯಂ ಇರುವವರೆಗೆ ಖಾಲಿ ಮಾಡಿಸುವ ಹಾಗಿಲ್ಲ, ಆದರೆ ಬಾಡಿಗೆ ಕೊಡಲೇಬೇಕು. ಕೊಟ್ಟೆ.

ತಿಂಗಳ ಲೆಕ್ಕ ನೆನಪಿರುವ ಮಟ್ಟಿಗೆ ಹೀಗಿತ್ತು. ಜಾಬ್ ವರ್ಕ್ ಬಿಲ್ 21 ಲಕ್ಷ. ಸಂಬಳ ಎಂಟೂವರೆ, ಕರೆಂಟ್ ಮೂರು ಚಿಲ್ಲರೆ, ಬಾಡಿಗೆ 1.8, ಇನ್ಸರ್ಟ್, ಕೂಲಂಟ್ ಎಣ್ಣೆ ಅಂತ ಒಂದೂವರೆ, ಪಿಎಫ್, ಇಎಸ್‌ಐ, ಇನ್ಶೂರೆನ್ಸ್, ಸೆಕ್ಯುರಿಟಿ ಎರಡರ ಹತ್ತಿರ. ನನ್ನ ಫೀಸ್ 1 ಲಕ್ಷ, ಕ್ಲೈಮ್ 50 ಕೋಟಿಯೊಳಗೆ ಇದ್ದದ್ದರಿಂದ ಅಷ್ಟೇ. ಎಲ್ಲ ಕಳೆದು ಮೂರು ಲಕ್ಷ ಉಳಿಯುತ್ತಿತ್ತು. ವ್ಯಾಲ್ಯೂಯರ್‌ಗಳ ಫೀಸ್, ವಕೀಲರ ಫೀಸ್, ಪೇಪರ್ ಜಾಹೀರಾತು ಎಲ್ಲ ಅದರಲ್ಲೇ. ಬ್ಯಾಂಕಿನಿಂದ ಒಂದು ರೂಪಾಯಿ ಕೇಳಲಿಲ್ಲ. ಮೂರನೇ ಸಿಒಸಿ ಮೀಟಿಂಗ್‌ನಲ್ಲಿ ಈ ಶೀಟ್ ಇಟ್ಟಾಗ “ಮುಗಿಸಿಬಿಡಿ” ಅಂದಿದ್ದ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಎರಡನೇ ಸಲ ಓದಿದರು. ಆ ಖುಷಿ ನನಗಿರಲಿ.

ಕೆಲಸಗಾರರ ವಿಷಯ. 46ರಲ್ಲಿ 41 ಜನ ಉಳಿದರು. ಇದಕ್ಕೆ ಕಾರಣ ನಾನಲ್ಲ, ಶಿಫ್ಟ್ ಸೂಪರ್‌ವೈಸರ್. ಅವರು ಕೊಟ್ಟ ಐಡಿಯಾ: “ಸಾರ್, ಬಂದ ದುಡ್ಡು, ಹೋದ ದುಡ್ಡು ನೋಟಿಸ್ ಬೋರ್ಡಿಗೆ ಅಂಟಿಸಿ. ಮಾತು ಯಾರೂ ನಂಬಲ್ಲ.” ಪ್ರತಿ ಶನಿವಾರ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದೆವು. ಎರಡನೇ ತಿಂಗಳು ಸಂಬಳ ನಾಲ್ಕು ದಿನ ತಡ ಆಯಿತು, ಒಬ್ಬರೂ ಕೇಳಲಿಲ್ಲ. ಹಾಳೆಯಲ್ಲಿ ಕಾರಣ ಇತ್ತು.

ಮಧ್ಯೆ ಒಂದು ಸಣ್ಣ ಪ್ರಯೋಗ ಮಾಡಿದೆ. ಪೀಸ್ ರೇಟ್ ಸ್ವಲ್ಪ ಇಳಿಸಿ, ಬದಲಿಗೆ ಅಲ್ಯೂಮಿನಿಯಂ ಚಿಪ್ಸ್ (ಮೆಷಿನಿಂಗ್‌ನಲ್ಲಿ ಉದುರುವ ಚೂರು) ನಮಗೇ ಬಿಡಿ ಅಂತ ದೊಡ್ಡ ಗ್ರಾಹಕರನ್ನು ಒಪ್ಪಿಸಿದೆ. ಗುಜರಿಯವನು ಒದ್ದೆ ಇದೆ ಅಂತ ತೂಕದಲ್ಲಿ ಹೊಡೆಯುತ್ತಿದ್ದ. ಹಳೇ ಶೀಟ್‌ನಿಂದ ಇಳಿಜಾರು ತೊಟ್ಟಿ ಮಾಡಿಸಿ ಎರಡು ದಿನ ಬಸಿಯಲು ಬಿಟ್ಟೆವು. ಕಡಿತ ನಿಂತಿತು, ಬಸಿದ ಕೂಲಂಟ್ ಸೋಸಿ ಮತ್ತೆ ಬಳಸಿದೆವು. ತಿಂಗಳಿಗೆ 35-40 ಸಾವಿರ ಲಾಭ. ಸಿಒಸಿಗೆ ಇದು ನಗುವ ವಿಷಯ, ನನಗೆ ಎರಡು ವಿಎಂಸಿ ಸ್ಪಿಂಡಲ್ ಸರ್ವಿಸ್‌ನ ದುಡ್ಡು.

ಇನ್ನೊಂದು ಪ್ರಯೋಗ ಬೇರೆ ಕಂಪನಿಯಲ್ಲಿ, 2022ರಲ್ಲಿ. ಎಂಎಸ್‌ಎಂಇ ಪ್ರೀ-ಪ್ಯಾಕ್, ಅಂದರೆ ಸಣ್ಣ ಉದ್ಯಮಗಳಿಗೆ ಮೊದಲೇ ಮಾತಾಡಿಕೊಂಡು ಮಾಡುವ ರೆಸಲ್ಯೂಷನ್. 120 ದಿನ, ಪ್ರಮೋಟರ್ ಕೈಯಲ್ಲೇ ಮ್ಯಾನೇಜ್‌ಮೆಂಟ್, ಕೇಳಲು ಬಲು ಚಂದ. ಆದರೆ ಆಗ ಅರ್ಜಿ ಹಾಕುವ ಮೊದಲೇ 66% ಸಾಲದಾತರ ಒಪ್ಪಿಗೆ ಬೇಕಿತ್ತು. ಬ್ಯಾಂಕಿನಲ್ಲಿ ಆ ಸೀಟಿನ ಅಧಿಕಾರಿ ಮೂರು ಸಲ ಬದಲಾದರು, ಮೂರು ಸಲ ನಾನು ಮೊದಲಿನಿಂದ ಕತೆ ಹೇಳಿದೆ. ಅರ್ಜಿ ಹಾಕಲೇ ಇಲ್ಲ. ಮೂರೂವರೆ ಲಕ್ಷ ಮಾತಾಡಿದ್ದೆ, 60 ಸಾವಿರ ಬಂತು.

ಮತ್ತೆ ಪೀಣ್ಯಕ್ಕೆ. ಫಾರ್ಮ್ ಜಿಗೆ (ಖರೀದಿದಾರರನ್ನು ಕರೆಯುವ ಪ್ರಕಟಣೆ) ನಾಲ್ಕು ಜನ ಇಒಐ (ಆಸಕ್ತಿ ಪತ್ರ) ಹಾಕಿದರು. ಪ್ರಮೋಟರ್‌ನ ಕಡೆಯವರೂ ಒಬ್ಬರು, ಎಂಎಸ್‌ಎಂಇ ಆದ್ದರಿಂದ ಐಬಿಸಿಯ ಸೆಕ್ಷನ್ 240ಎ ಅವರಿಗೆ ಬಾಗಿಲು ತೆರೆದಿತ್ತು. ಪ್ಲಾನ್ ಹಾಕುವಾಗ ಅವರು ದುಡ್ಡು ತೋರಿಸಲಿಲ್ಲ. ಕೊನೆಗೆ ಎರಡು ಪ್ಲಾನ್. ಒಂದು ಹಳೇ ಮೆಷಿನ್ ವ್ಯಾಪಾರಿಯದು, ಲಿಕ್ವಿಡೇಶನ್ ವ್ಯಾಲ್ಯೂ ಹತ್ತಿರ. ಇನ್ನೊಂದು ಅಲ್ಲೇ ಹತ್ತಿರದ ಎಂಜಿನಿಯರಿಂಗ್ ಯೂನಿಟ್‌ನವರದು. ಅವರು ಎರಡು ದಿನ ಶೆಡ್‌ನಲ್ಲಿ ನಿಂತು ಶಿಫ್ಟ್ ನೋಡಿದರು, ನೋಟಿಸ್ ಬೋರ್ಡಿನ ಹಾಳೆಗಳ ಫೋಟೋ ತೆಗೆದುಕೊಂಡರು. ಲಿಕ್ವಿಡೇಶನ್ ವ್ಯಾಲ್ಯೂ 2.8 ಕೋಟಿ ಅಂದಾಜು ಇತ್ತು, ಅವರ ಪ್ಲಾನ್ 4.6 ಕೋಟಿ. ಸಿಒಸಿಯಲ್ಲಿ 71% ಓಟು ಇದ್ದ ಬ್ಯಾಂಕು 2024ರ ಡಿಸೆಂಬರ್‌ನಲ್ಲಿ ಅದರ ಪರ ಓಟು ಹಾಕಿತು. ಎನ್‌ಬಿಎಫ್‌ಸಿ ವಿರುದ್ಧ ಹಾಕಿತು, ಪರವಾಗಿಲ್ಲ, 66% ಸಾಕು. 23 ಕೋಟಿಗೆ 4.6 ಅಂದರೆ ಏನು ಸಾಧನೆ ಅಂತ ಹೊರಗಿನವರು ಕೇಳಬಹುದು. ಜಾಗವೇ ಇಲ್ಲದ ಕಂಪನಿ ಅದು. ಇಷ್ಟು ಬಂದದ್ದು ಮೆಷಿನ್ ಓಡುತ್ತಿದ್ದದ್ದಕ್ಕೆ.

ಓಟು ಬಿದ್ದು, ಎನ್‌ಸಿಎಲ್‌ಟಿ ಒಪ್ಪಿಗೆ ಬರಲು ಎಂಟು ತಿಂಗಳು. ಆ ಎಂಟು ತಿಂಗಳೂ ಫ್ಯಾಕ್ಟರಿ ಓಡಿಸಬೇಕಿತ್ತು. ಮುಂದೂಡಿದ ಪ್ರತಿ ತಾರೀಕಿಗೆ ಖರೀದಿದಾರರ ಫೋನ್ ಬರುತ್ತಿತ್ತು. ಪ್ಲಾನ್ ಒಪ್ಪಿಗೆ ಬಂದ ಅದೇ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಐಬಿಸಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಹಾಕಿದ ಅರ್ಜಿಯನ್ನು ಎನ್‌ಸಿಎಲ್‌ಟಿ ಬೇಗ ಅಂಗೀಕರಿಸಬೇಕು ಅನ್ನುವ ಮಾತು ಅದರಲ್ಲಿತ್ತು. ಒಳ್ಳೆಯದೇ. ನನ್ನಂಥವರ ಕೇಸು ಸಾಯುವುದು ಬಾಗಿಲಲ್ಲಿ ಮಾತ್ರ ಅಲ್ಲ, ಕೊನೆಯ ಮೆಟ್ಟಿಲಲ್ಲೂ ಸಾಯುತ್ತದೆ.

ಈ ಕೆಲಸಕ್ಕೆ ಬರಲಾ ಅಂತ ಹುಡುಗರು ಕೇಳುತ್ತಾರೆ. ಬನ್ನಿ, ಆದರೆ ಹಳೇ ಪ್ರಾಕ್ಟೀಸ್ ಬಿಡಬೇಡಿ. ನಾನು ಇವತ್ತಿಗೂ ಕಾಸ್ಟ್ ಆಡಿಟ್ ಬಿಟ್ಟಿಲ್ಲ, ಮನೆ ನಡೆಯುವುದು ಅದರಿಂದಲೇ. ದೊಡ್ಡ ಕೇಸುಗಳು ದೊಡ್ಡ ಐಪಿಇಗಳಿಗೆ (ಈ ಕೆಲಸ ಮಾಡುವ ಸಂಸ್ಥೆಗಳು) ಹೋಗುತ್ತವೆ. ನಮಗೆ ಬರುವುದು ದುಡ್ಡಿಲ್ಲದ, ಕಡತ ಇಲ್ಲದ, ಪ್ರಮೋಟರ್ ಫೋನ್ ಎತ್ತದ ಸಣ್ಣ ಕೇಸುಗಳು. ನನ್ನ ಜೊತೆ ಇರುವ ಹುಡುಗಿ ಗ್ರಾಜುಯೇಟ್ ಇನ್‌ಸಾಲ್ವೆನ್ಸಿ ಪ್ರೋಗ್ರಾಂ ಮುಗಿಸಿದವಳು, ಕಾನೂನು ನನಗಿಂತ ಚೆನ್ನಾಗಿ ಗೊತ್ತು. ಮೊದಲ ತಿಂಗಳು ಅವಳನ್ನು ಡ್ರಾಫ್ಟಿಂಗ್‌ಗೆ ಕೂರಿಸಲಿಲ್ಲ, ಶೆಡ್‌ನಲ್ಲಿ ಚಲನ್ ಬರೆಯಲು ಹಾಕಿದೆ. ಬೈದುಕೊಂಡೇ ಬರೆದಳು. ಈಗ ಯಾವ ಪಾರ್ಟ್‌ಗೆ ಎಷ್ಟು ಸೈಕಲ್ ಟೈಮ್ ಅಂತ ಬಾಯಲ್ಲೇ ಹೇಳುತ್ತಾಳೆ, ಖರೀದಿದಾರರ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದೂ ಅವಳೇ.

ಇನ್ಸೆಂಟಿವ್ ಕೇಳಿದ್ದೆ, ಸಿಒಸಿ ಕೊಡಲಿಲ್ಲ. ಕೊನೆಯ ಎರಡು ತಿಂಗಳ ಫೀಸ್ ಇನ್ನೂ ಬಾಕಿ ಇದೆ.

ಈಗ ಕೈಯಲ್ಲಿರುವುದು ಒಂದು ಪೌಡರ್ ಕೋಟಿಂಗ್ ಯೂನಿಟ್. ಅಲ್ಲೂ ಜಾಬ್ ವರ್ಕೇ. ಆದರೆ ಪೌಡರ್ ನಾವೇ ತರಬೇಕು, ಸಪ್ಲೈ ಮಾಡುವವರು ಮುಂಗಡ ಇಲ್ಲದೆ ಡಬ್ಬ ಇಳಿಸಲ್ಲ ಅನ್ನುತ್ತಿದ್ದಾರೆ. ಪೌಡರನ್ನೂ ಗ್ರಾಹಕರಿಂದಲೇ ತರಿಸಬಹುದಾ ಅಂತ ಮೂವರನ್ನು ಕೇಳಿದ್ದೇನೆ. ಒಬ್ಬರು ಸೋಮವಾರ ಬಂದು ಓವನ್ ನೋಡುತ್ತೇನೆ ಅಂದಿದ್ದಾರೆ.