ಬಯಲುಸೀಮೆ ಕೆರೆಯಲ್ಲಿ ವರ್ಷವರ್ಷವೂ ಮೀನು ಸಿಗಬೇಕಾದರೆ: ನೀರು, ಮರಿ, ಬಲೆಯ ಲೆಕ್ಕ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ತಾವಾಗಿ ಮರಿ ಮಾಡುವುದಿಲ್ಲ. ಅವಕ್ಕೆ ಮುಂಗಾರಿನ ಹರಿಯುವ ಹೊಸನೀರು ಬೇಕು. ನಿಂತ ನೀರಿನಲ್ಲಿ ಹೊಟ್ಟೆಯಲ್ಲಿ ಮೊಟ್ಟೆ ಬಲಿತರೂ ಹೊರಗೆ ಇಡುವುದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳನ್ನು ದಡದಲ್ಲೇ ನಿಲ್ಲಿಸುವುದು ಮೀನಿಗೆ ಸಂತಾನಕ್ಕೆ ಬಿಡುವು ಕೊಡಲು. ಆ ಉಪಾಯ ಒಂದನ್ನೇ ಕೆರೆಗೆ ತಂದರೆ ಸಾಲದು. ಇಲ್ಲಿ ಎಷ್ಟು ಹಿಡಿಯಬಹುದು ಎಂಬುದು ಮರಿ ಬಿಟ್ಟ ದಿನವೇ ಮುಕ್ಕಾಲುಪಾಲು ತೀರ್ಮಾನವಾಗಿರುತ್ತದೆ. ಉಳಿದ ಕಾಲುಪಾಲು ಬಲೆಯ ಕಣ್ಣಿನಲ್ಲಿದೆ. ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಗಳು, ಪಂಚಾಯಿತಿ ಕೆರೆ ಪಡೆದವರು ಈ ಕ್ರಮ ಅನುಸರಿಸಬಹುದು.

ಮೊದಲು ನೀರಿನ ವಿಸ್ತೀರ್ಣ

ದಾಖಲೆಯಲ್ಲಿರುವ ಎಕರೆ ಲೆಕ್ಕ ನಂಬಿ ಮರಿ ತರುವುದು ಎಲ್ಲರೂ ಮಾಡುವ ತಪ್ಪು. ದಾಖಲೆಯಲ್ಲಿರುವುದು ಅಂಗಳದ ಅಳತೆ, ನೀರಿನದಲ್ಲ. ಕೋಡಿ ಮಟ್ಟದಲ್ಲಿ ನೀರು ಎಷ್ಟು ಹರಡಿರುತ್ತದೆ, ಏಪ್ರಿಲ್ ಕೊನೆಯಲ್ಲಿ ಎಷ್ಟಕ್ಕೆ ಕುಗ್ಗುತ್ತದೆ ಎಂದು ಎರಡೂ ಸಲ ಫೋನಿನ ಜಿಪಿಎಸ್ ಹಿಡಿದು ದಡ ಸುತ್ತಿ ಅಳೆಯಿರಿ. ಎರಡರ ಸರಾಸರಿಯೇ ಬಿತ್ತನೆಗೆ, ಅಂದರೆ ಮರಿ ಬಿಡುವುದಕ್ಕೆ, ಆಧಾರ. ಕೋಡಿ ಮಟ್ಟದಲ್ಲಿ 14 ಹೆಕ್ಟೇರ್, ಬೇಸಿಗೆಯಲ್ಲಿ 6 ಹೆಕ್ಟೇರ್ ಇದ್ದರೆ 10 ಹೆಕ್ಟೇರ್ ಎಂದಿಟ್ಟುಕೊಳ್ಳಿ.

ಇನ್ನು ಮರಿಯ ಸಂಖ್ಯೆ. ಹೆಕ್ಟೇರಿಗೆ ವರ್ಷಕ್ಕೆ 500 ಕಿಲೋ ಗುರಿ, ಹಿಡಿಯುವಾಗ ಒಂದು ಮೀನಿನ ಸರಾಸರಿ ತೂಕ 750 ಗ್ರಾಂ ಎಂದರೆ ಸುಮಾರು 667 ಮೀನು ಬಲೆಗೆ ಬರಬೇಕು. ಬಿಟ್ಟ ಮರಿಗಳಲ್ಲಿ ಅರ್ಧ ಮಾತ್ರ ಉಳಿಯುತ್ತವೆ ಎಂದು ಹಿಡಿದರೆ ಹೆಕ್ಟೇರಿಗೆ 1,333 ಮರಿ, 10 ಹೆಕ್ಟೇರಿಗೆ 13,300 ಚಿಲ್ಲರೆ. ಇದರ ಎರಡರಷ್ಟು ಬಿಟ್ಟರೆ ಎರಡರಷ್ಟು ಮೀನು ಬರುತ್ತದೆ ಎಂದುಕೊಳ್ಳಬೇಡಿ. ಕೆರೆಯಲ್ಲಿರುವ ಆಹಾರ ಅಷ್ಟೇ. ಅದನ್ನು ಹಂಚಿಕೊಂಡು ಮೀನು 300 ಗ್ರಾಂಗೇ ನಿಂತುಬಿಡುತ್ತದೆ, ಮಾರುಕಟ್ಟೆಯಲ್ಲಿ ಬೆಲೆಯೂ ಇರುವುದಿಲ್ಲ. ಮಾರ್ಕೋನಹಳ್ಳಿಯಂಥ ಜಲಾಶಯಕ್ಕೆ ಹೆಕ್ಟೇರಿಗೆ ಸಾವಿರದ ಆಸುಪಾಸು, ಗೊಬ್ಬರದ ಅಂಶ ಹೆಚ್ಚಿರುವ ಸಣ್ಣ ಕೆರೆಗೆ 2,000ದಿಂದ 4,000 ಸಾಮಾನ್ಯ ಮಿತಿ.

ತಳಿಯಲ್ಲಿ ಕಾಟ್ಲಾ 40, ರೋಹು 30, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಸೇರಿ 30 ಎಂಬ ಪ್ರಮಾಣ ಹೆಚ್ಚಿನ ಕೆರೆಗಳಿಗೆ ಒಗ್ಗುತ್ತದೆ. ಜೊಂಡು, ಪಾಚಿಗಿಡ ತುಂಬಿದ್ದರೆ ನೂರಕ್ಕೆ ಐದರಷ್ಟು ಹುಲ್ಲುಗೆಂಡೆ ಸೇರಿಸಿ. ಸಾಮಾನ್ಯ ಗೆಂಡೆ ಮಾತ್ರ ಕೆರೆಯಲ್ಲೇ ಗಿಡಗಳಿಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ. ಆದರೆ ತಳ ಕೆದಕಿ ನೀರು ರಾಡಿ ಮಾಡುವುದೂ, ಮಣ್ಣಿನ ಏರಿ ಕೊರೆಯುವುದೂ ಅದೇ. ಹಳೇ ಏರಿಯ ಕೆರೆಗೆ ಕಡಿಮೆ ಸಾಕು.

ಮರಿಯ ಉದ್ದ

ಬೆರಳುಗುರಿನಷ್ಟು ಮರಿ ಅಗ್ಗ. ಬಿಟ್ಟ ವಾರದಲ್ಲೇ ಕೊರಮೀನಿನ ಹೊಟ್ಟೆಯಲ್ಲಿರುತ್ತದೆ. 8ರಿಂದ 10 ಸೆಂ.ಮೀ. ಉದ್ದದ ಬಲಿತ ಮರಿಯನ್ನೇ ಬಿಡಿ. ಸಿಗದಿದ್ದರೆ ಸಣ್ಣ ಮರಿ ತಂದು ಕೆರೆಯ ಮೂಲೆಯಲ್ಲಿ ಸಣ್ಣ ಕಣ್ಣಿನ ನೈಲಾನ್ ಬಲೆಯಿಂದ ಬೇಲಿ ಕಟ್ಟಿ ಎರಡು ಎರಡೂವರೆ ತಿಂಗಳು ಸಾಕಿ. ಅಕ್ಕಿತೌಡು, ಕಡಲೆಕಾಯಿ ಹಿಂಡಿ ಸಮಸಮ ಬೆರೆಸಿ ಕೊಟ್ಟರೆ ಸಾಕು.

ತಂದಾಗ ಎಣಿಸಿಕೊಳ್ಳಿ. ಮೂರು ಲೋಟದ ಮರಿ ಎಣಿಸಿ ಸರಾಸರಿ ತೆಗೆದು ಲೋಟದ ಸಂಖ್ಯೆಯಿಂದ ಗುಣಿಸಿದರೆ ಮುಗಿಯಿತು. ಆಮ್ಲಜನಕ ತುಂಬಿದ ಚೀಲವನ್ನು ಬಿಚ್ಚದೆ 15-20 ನಿಮಿಷ ಕೆರೆ ನೀರಿನ ಮೇಲೆ ತೇಲಬಿಡಿ, ಬಳಿಕ ಸ್ವಲ್ಪ ಸ್ವಲ್ಪ ಕೆರೆ ನೀರು ಬೆರೆಸಿ, ಮರಿ ತಾವಾಗಿ ಈಜಿ ಹೋಗಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಸುರಿದ ಮರಿ ಸಂಜೆಗೆ ದಡದಲ್ಲಿ ಬೆಳ್ಳಗೆ ತೇಲುತ್ತದೆ.

ಕೋಡಿ ಬೀಳುವ ಸಂಭವವಿದ್ದರೆ ಮರಿ ಬಿಡಲು ಆತುರ ಬೇಡ. ಮರಿ ಕೊಚ್ಚಿಹೋಗದಿರಲೆಂದು ಕೋಡಿಗೆ ನೇರ ಜಾಲರಿ ಕಟ್ಟಿದರೆ ಕಸಕಡ್ಡಿ ತುಂಬಿ ನೀರು ಕಟ್ಟಿಕೊಂಡು ಏರಿಗೇ ಅಪಾಯ. ಓರೆಯಾಗಿ, ಕೋಡಿಯಿಂದ ಕೆಲವು ಅಡಿ ಒಳಗೆ ಕಟ್ಟಿ. ಮಳೆ ಜೋರಾದ ರಾತ್ರಿ ಕಸ ತೆಗೆಯಲು ಆಳು ಇರಲಿ. ಆಳಿಲ್ಲದಿದ್ದರೆ ಜಾಲರಿಯೇ ಬೇಡ.

ಬಲೆಯ ಕಣ್ಣು

ಕೆರೆ ಬರಿದಾಗುವುದು ಮುಖ್ಯವಾಗಿ ಇಲ್ಲಿ. ಬಲೆ ನೆನೆಸಿ, ಸಾಲಾಗಿ ಹತ್ತು ಕಣ್ಣುಗಳನ್ನು ಹಿಗ್ಗಿಸಿ ಹಿಡಿದು ಅಳೆದು ಹತ್ತರಿಂದ ಭಾಗಿಸಿ. ಅದು 100 ಮಿ.ಮೀ.ಗಿಂತ ಕಡಿಮೆ ಇರುವ ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಕೆರೆಗೆ ಇಳಿಯಬಾರದು. ಈ ಕಣ್ಣಿಗೆ ಸುಮಾರು ಮುಕ್ಕಾಲು ಕಿಲೋದ ರೋಹು ಸಿಕ್ಕಿಕೊಳ್ಳುತ್ತದೆ. ಕಾಟ್ಲಾದ ತಲೆ, ಎದೆ ಅಗಲವಾದ್ದರಿಂದ ಅದೇ ಬಲೆಗೆ ಇನ್ನೂ ಎಳೆಯ ಮೀನು ಬೀಳುತ್ತದೆ; ಕಾಟ್ಲಾ ಹೆಚ್ಚಿರುವ ಕೆರೆಗೆ 120-130 ಮಿ.ಮೀ. ಇಟ್ಟುಕೊಳ್ಳುವುದು ಒಳ್ಳೆಯದು.

ಇದೇನು ಕರುಣೆಯ ಮಾತಲ್ಲ, ದುಡ್ಡಿನ ಲೆಕ್ಕ. ಡಿಸೆಂಬರಿನಲ್ಲಿ 400 ಗ್ರಾಂನ ಸಾವಿರ ಮೀನು ಹಿಡಿದರೆ 400 ಕಿಲೋ. ಬಿಟ್ಟರೆ ಮಾರ್ಚ್ ವೇಳೆಗೆ ನೂರು ಸತ್ತು, ಉಳಿದವು ತಲಾ 900 ಗ್ರಾಂ ಆದವು ಎನ್ನಿ: 810 ಕಿಲೋ. ಹಬ್ಬಕ್ಕೋ ಸಾಲಕ್ಕೋ ದುಡ್ಡು ಬೇಕಾಗಿ ಡಿಸೆಂಬರಿನಲ್ಲೇ ಬಲೆ ಬೀಸಬೇಕಾಗುವುದು ನಿಜವೇ. ಆಗ ಕೆರೆಯ ಒಂದು ಭಾಗ ಗುರುತಿಸಿ ಅಲ್ಲಿ ಮಾತ್ರ ಹಿಡಿಯಿರಿ. ಎಳೆಬಲೆ ಹಾಕಿದ ದಿನ ಸಣ್ಣ ಮೀನನ್ನು ದಡಕ್ಕೆ ಎಳೆಯದೆ ನೀರಿನಲ್ಲೇ ಬೇರ್ಪಡಿಸಿ ಬಿಡಬೇಕು. ಮಣ್ಣಿಗೆ ಬಿದ್ದು ಹೊರಳಿದ ಮೀನು ಬಿಟ್ಟರೂ ಬದುಕುವುದು ಕಷ್ಟ.

ಜೂನ್‌ನಿಂದ ಆಗಸ್ಟ್‌ವರೆಗೆ ಹಳ್ಳ ಕೆರೆಗೆ ಸೇರುವ ಬಾಯಲ್ಲಿ ಬಲೆ, ಕೂಳಿ ಬೇಡ. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಗೆ ಇದರಿಂದ ಉಪಯೋಗ ಕಡಿಮೆ, ಆದರೆ ಹೊಸನೀರಿಗೆ ಎದುರೇರಿ ಮೊಟ್ಟೆ ಇಡುವ ಪಕ್ಕೆಯಂಥ ನಾಟಿ ಮೀನುಗಳು ಉಳಿಯುವುದು ಇದರಿಂದಲೇ. ಅವಕ್ಕೆ ಯಾರೂ ಮರಿ ತಂದು ಬಿಡುವುದಿಲ್ಲ.

ಕಲ್ಲುಕ್ವಾರಿ ಇರುವ ಕಡೆ ಜಿಲೆಟಿನ್ ಕಡ್ಡಿ ಕೆರೆಗೆ ಬರುವುದುಂಟು. ಸ್ಫೋಟಕ, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿದೆ. ಒಳನಾಡು ಮೀನುಗಾರಿಕೆಗೆ ರಾಜ್ಯದ 1996ರ ಕಾಯ್ದೆಯೂ ಇದೆ. ಸದ್ದು ಕೇಳಿದ ದಿನವೇ ಪೊಲೀಸರಿಗೂ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೂ ಬರೆದುಕೊಡಿ.

ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ನೀರಿನ ಕೆರೆಗಳು

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ, ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕಡೆಗೂ ಬಂತು. ಬೇಸಿಗೆಗೆ ಒಣಗುತ್ತಿದ್ದ ಕೆರೆಯಲ್ಲಿ ವರ್ಷಪೂರ್ತಿ ನೀರು ನಿಂತರೆ ಮೀನುಗಾರಿಕೆಯ ಲೆಕ್ಕವೇ ಬದಲಾಗುತ್ತದೆ. ಮೊದಲು ಜಿಲೇಬಿ ಮೀನು (ತಿಲಾಪಿಯಾ), ಕೊರಮೀನು ಬೇಸಿಗೆಯಲ್ಲಿ ಹೆಚ್ಚುಕಡಿಮೆ ಅಳಿಯುತ್ತಿದ್ದವು. ಈಗ ಉಳಿದು ಹೆಚ್ಚುತ್ತವೆ. ಆದ್ದರಿಂದ ಹೊಸ ಮರಿ ಬಿಡುವ ಮೊದಲು ಬೀಸುಬಲೆಯಿಂದ, ಗಾಳದಿಂದ ಇವುಗಳನ್ನು ಕಡಿಮೆ ಮಾಡಿ. ಇವಕ್ಕೆ ಸಣ್ಣ ಕಣ್ಣಿನ ಬಲೆ ಬಳಸುವುದಾದರೆ ಅದು ಮರಿ ಬಿಡುವ ಮುಂಚೆ ಮಾತ್ರ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ. ಬಲೆಗೆ ಬಿದ್ದರೆ ಮತ್ತೆ ನೀರಿಗೆ ಬಿಡಬೇಡಿ.

ಈ ನೀರಿನಲ್ಲಿ ಸಾರಜನಕ, ರಂಜಕ ಮೊದಲೇ ಸಾಕಷ್ಟಿರುತ್ತದೆ. ಸಗಣಿ, ಕೋಳಿಗೊಬ್ಬರ ಹಾಕಲೇಬೇಡಿ. ನೀರು ದಟ್ಟ ಹಸಿರಾಗಿ, ಮೋಡ ಕವಿದ ಎರಡು ಮೂರು ದಿನ ಕಳೆದ ಮೇಲೆ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಇಳಿದಿದೆ ಎಂದೇ ಅರ್ಥ. ಆಗ ಕಾದು ನೋಡದೆ ದೊಡ್ಡ ಮೀನುಗಳನ್ನು ಹಿಡಿದು ಒತ್ತಡ ಇಳಿಸಿ. ಪಂಪ್‌ಸೆಟ್ ಇದ್ದರೆ ಕೆರೆ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿ.

ನೋಟ್‌ಬುಕ್

ಪ್ರತಿ ಸಲ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಬಲೆ, ಎಷ್ಟು ಗಂಟೆ, ತಳಿವಾರು ಎಷ್ಟು ಕಿಲೋ, ಮೂವತ್ತು ಮೀನಿನ ತೂಕ. ಒಟ್ಟು ಕಿಲೋ ಮೋಸ ಮಾಡುತ್ತದೆ, ಏಕೆಂದರೆ ಬಲೆ ಹೆಚ್ಚಿಸಿದರೆ ಅದೂ ಹೆಚ್ಚುತ್ತದೆ. ಒಂದು ಬಲೆಗೆ ಒಂದು ರಾತ್ರಿಗೆ ಸಿಕ್ಕಿದ್ದು ಎಷ್ಟು ಎಂಬುದನ್ನೇ ನೋಡಿ. ಅದು ಸತತ ಮೂರು ವಾರ ಇಳಿದು, ಸರಾಸರಿ ತೂಕವೂ ಇಳಿದರೆ ಬಲೆ ಅರ್ಧ ಮಾಡಿ. ತೂಕ ಏರುತ್ತಲೇ ಇದ್ದು ಸಂಖ್ಯೆ ಮಾತ್ರ ಇಳಿದರೆ ಮರಿ ಉಳಿದಿಲ್ಲ ಎಂದು ತಿಳಿಯಿರಿ. ತಪ್ಪು ಬಲೆಯದಲ್ಲ, ಬಿತ್ತನೆಯದು.

ಕೊನೆಗೆ ಗುತ್ತಿಗೆಯ ವಿಚಾರ. ಅವಧಿ ಮುಗಿಯುವ ವರ್ಷ ಸೊಳ್ಳೆಪರದೆಯಂಥ ಬಲೆಯಿಂದ ಕೆರೆ ಗುಡಿಸಿ ಹೋಗುವುದು ಈ ಭಾಗದ ಹಳೇ ಚಾಳಿ. ಮುಂದಿನವರು ಬರೀ ಜಿಲೇಬಿ ಮೀನಿನಿಂದ ಶುರು ಮಾಡಬೇಕಾಗುತ್ತದೆ. ಕರಾರಿನಲ್ಲೇ ಮೂರು ಷರತ್ತು ಬರೆಸಿ: ಬಲೆಯ ಕನಿಷ್ಠ ಕಣ್ಣು, ಕೊನೆಯ ವರ್ಷವೂ ಬಿಡಬೇಕಾದ ಮರಿಯ ಸಂಖ್ಯೆ, ಹಿಡಿದ ಮೀನಿನ ಲೆಕ್ಕದ ನೋಟ್‌ಬುಕ್ಕನ್ನು ಮುಂದಿನವರಿಗೆ ಒಪ್ಪಿಸುವುದು. ಠೇವಣಿಯ ಒಂದು ಪಾಲನ್ನು ಈ ಮೂರಕ್ಕೂ ಕಟ್ಟಿಹಾಕಿದರೆ ಮಾತ್ರ ಷರತ್ತಿಗೆ ಬೆಲೆ.